ಮಾಪಕ ಮುರಿದುಕೊಂಡ ಸಾಮ್ರಾಟ

1869ರ ನವೆಂಬರಿನಲ್ಲಿ ಪ್ಯಾರಿಸ್ಸಿನ ನಿವೃತ್ತ ಎಂಜಿನಿಯರ್ ಷಾರ್ಲ್ ಜೋಸೆಫ್ ಮಿನಾರ್ ಒಂದು ನಕ್ಷೆ ಪ್ರಕಟಿಸಿದರು. ಆಗ ಅವರಿಗೆ 88 ವರ್ಷ. ನೆಪೋಲಿಯನ್ 1812ರಲ್ಲಿ ರಷ್ಯಾದ ಮೇಲೆ ನಡೆಸಿದ ದಂಡಯಾತ್ರೆಯ ಲೆಕ್ಕ ಅದರಲ್ಲಿದೆ. ರಾಜರ ಚಿತ್ರವಾಗಲಿ, ಕತ್ತಿ ಕುದುರೆಗಳಾಗಲಿ ಇಲ್ಲ. ಪೋಲೆಂಡಿನ ಗಡಿಯ ನೀಮೆನ್ ನದಿಯಿಂದ ಮಾಸ್ಕೋವರೆಗೆ ಒಂದು ಕಂದು ಪಟ್ಟಿ, ಅಲ್ಲಿಂದ ಹಿಂದಕ್ಕೆ ಒಂದು ಕಪ್ಪು ಪಟ್ಟಿ. ಪಟ್ಟಿಯ ಅಗಲದ ಒಂದೊಂದು ಮಿಲಿಮೀಟರ್ ಹತ್ತು ಸಾವಿರ ಸೈನಿಕರಿಗೆ ಸಮ. ಹೊರಟಾಗ 4,22,000 ಮಂದಿ. ಮಾಸ್ಕೋ ತಲುಪಿದವರು 1,00,000. ಮತ್ತೆ ನೀಮೆನ್ ದಾಟಿ ಬಂದವರು 10,000.

ಈ ಸೋಲಿಗೆ ಚಳಿಗಾಲ ಕಾರಣವೆಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ನಕ್ಷೆ ಆ ಮಾತನ್ನು ಒಪ್ಪುವುದಿಲ್ಲ. ಕಂದು ಪಟ್ಟಿ ಮಾಸ್ಕೋ ಮುಟ್ಟುವ ಬಹಳ ಮೊದಲೇ ಸೊರಗಿದೆ. ಜೂನ್ 24ರಂದು ನದಿ ದಾಟಿದ ಸೈನ್ಯ ಆಗಸ್ಟ್ ನಡುವಿನ ಹೊತ್ತಿಗೆ ಸ್ಮೊಲೆನ್ಸ್ಕ್ ತಲುಪಿದಾಗ 1,45,000ಕ್ಕೆ ಇಳಿದಿತ್ತು. ನಡುವೆ ಬೇರೆ ದಿಕ್ಕುಗಳಿಗೆ ಕಳಿಸಿದ 22,000 ಮತ್ತು 60,000 ಮಂದಿಯ ಎರಡು ದಳಗಳನ್ನೂ, ಊರೂರಿನಲ್ಲಿ ಕಾವಲಿಗೆ ಬಿಟ್ಟವರನ್ನೂ ಕಳೆದು ನೋಡಿದರೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಲೆಕ್ಕದಿಂದ ಮಾಯವಾಗಿದ್ದಾರೆ. ಅಷ್ಟರಲ್ಲಿ ಇನ್ನೂ ದೊಡ್ಡ ಕಾಳಗ ನಡೆದಿರಲಿಲ್ಲ. ಬೊರೊಡಿನೊ ಯುದ್ಧ ನಡೆದದ್ದು ಸೆಪ್ಟೆಂಬರ್ 7ಕ್ಕೆ. ಹಿಮವಂತೂ ದೂರದ ಮಾತು, ಅದು ಸುಡುವ ಬೇಸಿಗೆ. ಮಿನಾರ್ ನಕ್ಷೆಯ ಅಡಿಯಲ್ಲಿ ಉಷ್ಣಾಂಶವನ್ನೂ ಗುರುತಿಸಿದ್ದಾರೆ. ಡಿಸೆಂಬರ್ 6ಕ್ಕೆ ಅದು ಇಂದಿನ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ 37.5 ಡಿಗ್ರಿ ಕೆಳಕ್ಕೆ ಇಳಿದಿತ್ತು. ಆದರೆ ಆ ಚಳಿಗೆ ಸಿಕ್ಕಿದ್ದು ಅಳಿದುಳಿದ ಸೈನ್ಯ ಮಾತ್ರ.

ಹಾಗಾದರೆ ಬೇಸಿಗೆಯಲ್ಲಿ ಸತ್ತವರು ಹೇಗೆ ಸತ್ತರು? ಇದಕ್ಕೆ ಉತ್ತರ ಸಿಗುವುದು ಕುದುರೆಯ ಮೇವಿನಲ್ಲಿ ಮತ್ತು ಹೇನಿನಲ್ಲಿ.

ನೆಪೋಲಿಯನ್ ಸಿದ್ಧತೆ ಇಲ್ಲದೆ ಹೊರಟವನಲ್ಲ. ಬಾಲ್ಟಿಕ್ ತೀರದ ಡಾನ್ಝಿಗ್, ಕೋನಿಗ್ಸ್‌ಬರ್ಗ್ ಪಟ್ಟಣಗಳಲ್ಲಿ ಭಾರಿ ದಾಸ್ತಾನು ಮಾಡಿಸಿದ್ದ. ನಾಲ್ಕು ಕುದುರೆ ಎಳೆಯುವ, ಒಂದೂವರೆ ಟನ್ ಹೊರುವ ಸಾವಿರಾರು ಬಂಡಿಗಳನ್ನು ಕಟ್ಟಿಸಿದ್ದ. ಒಂದು ಬಂಡಿಯನ್ನಷ್ಟೇ ಲೆಕ್ಕ ಹಾಕಿ ನೋಡೋಣ. ದುಡಿಯುವ ಕುದುರೆಗೆ ಕಾಳು, ಒಣಹುಲ್ಲು ಸೇರಿ ದಿನಕ್ಕೆ ಸುಮಾರು 10 ಕಿಲೋ ಬೇಕು, ನಾಲ್ಕಕ್ಕೆ 40 ಕಿಲೋ. ನೀಮೆನ್‌ನಿಂದ ಮಾಸ್ಕೋಗೆ ಸುಮಾರು 900 ಕಿಲೋಮೀಟರ್. ದಿನಕ್ಕೆ 25 ಕಿಲೋಮೀಟರಿನಂತೆ ಬಿಡುವಿಲ್ಲದೆ ನಡೆದರೂ 36 ದಿನ. ಅಷ್ಟರಲ್ಲಿ ಕುದುರೆಗಳೇ 1,440 ಕಿಲೋ ತಿಂದಿರುತ್ತವೆ. 1,500 ಕಿಲೋ ಹೇರಿಕೊಂಡು ಹೊರಟ ಬಂಡಿಯಲ್ಲಿ ಮಾಸ್ಕೋ ತಲುಪುವಾಗ ಉಳಿಯುವುದು 60 ಕಿಲೋ. ಬಂಡಿ ಹೊಡೆಯುವವನ ಊಟವನ್ನೂ, ಹಿಂತಿರುಗುವ ದಾರಿಯ ಮೇವನ್ನೂ ಇದರಲ್ಲಿ ಸೇರಿಸಿಲ್ಲ. ಬಂಡಿಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೆ ತಿನ್ನುವ ಬಾಯಿಗಳೂ ಎರಡು ಪಟ್ಟಾಗುತ್ತವೆ. ಯಂತ್ರಗಳಿಲ್ಲದ ಕಾಲದ ಸಾಗಣೆಗೆ ಇದ್ದ ಎಲ್ಲೆ ಇದು. ಎಷ್ಟು ಧೈರ್ಯ, ಎಷ್ಟು ಪ್ರತಿಭೆ ಇದ್ದರೂ ಅದು ಕದಲುವಂಥದ್ದಲ್ಲ.

ಆದ್ದರಿಂದ ಕುದುರೆಗಳು ದಾರಿಯಲ್ಲಿ ಮೇಯಲೇಬೇಕಿತ್ತು. ಹುಲ್ಲು ಬೆಳೆಯಲಿ ಎಂದೇ ದಂಡಯಾತ್ರೆಯನ್ನು ಜೂನ್‌ವರೆಗೆ ತಡೆದದ್ದು. ಆದರೆ ಹೊಲದಲ್ಲಿದ್ದ ರೈ ಪೈರು ಇನ್ನೂ ಹಸಿ. ಹಸಿ ಪೈರು ತಿಂದ ಕುದುರೆಗಳಿಗೆ ಹೊಟ್ಟೆ ಉಬ್ಬರಿಸಿ ಶೂಲೆ ಬಂತು. ಜೂನ್ ಕೊನೆಯ ಬಿರುಮಳೆ ಅದರ ಮೇಲೆ ಸುರಿಯಿತು. ವಿಲ್ನಾ ನಗರ ತಲುಪುವಷ್ಟರಲ್ಲೇ ಸುಮಾರು ಹತ್ತು ಸಾವಿರ ಕುದುರೆಗಳು ಸತ್ತಿದ್ದವು. ಕುದುರೆ ಸತ್ತಲ್ಲಿ ಬಂಡಿ ನಿಂತಿತು, ಬಂಡಿ ನಿಂತಲ್ಲಿ ಸೈನಿಕನ ಹಿಟ್ಟು ನಿಂತಿತು. ಹಸಿದವರು ಗುಂಪು ಬಿಟ್ಟು ಹಳ್ಳಿಗಳಿಗೆ ನುಗ್ಗಿದರು. ಹಿಮ್ಮೆಟ್ಟುತ್ತಿದ್ದ ರಷ್ಯನ್ ಸೈನ್ಯ ಅಲ್ಲಿ ಏನನ್ನೂ ಉಳಿಸಿರಲಿಲ್ಲ. ಸ್ನಾನವಿಲ್ಲದ, ಬಟ್ಟೆ ಬದಲಿಸದ, ಗುಡಿಸಲುಗಳಲ್ಲಿ ಒತ್ತೊತ್ತಾಗಿ ಮಲಗುವ ಸಾವಿರಾರು ದೇಹಗಳ ನಡುವೆ ಬಟ್ಟೆಯ ಹೇನು ಹಬ್ಬಿತು.

ಈ ಹೇನು ತಲೆಯದಲ್ಲ. ಬಟ್ಟೆಯ ಹೊಲಿಗೆಗಳಲ್ಲಿ ಬದುಕಿ, ಆಗಾಗ ಮೈಗೆ ಬಂದು ರಕ್ತ ಹೀರುವ ಜಾತಿ. ಅದರ ಮಲದಲ್ಲಿ ಟೈಫಸ್ ಎಂಬ ಸನ್ನಿಜ್ವರದ ಸೂಕ್ಷ್ಮಾಣು ಇರಬಹುದು. ಕಚ್ಚಿದ ಜಾಗವನ್ನು ಕೆರೆದುಕೊಂಡಾಗ ಅದು ಗಾಯದ ಮೂಲಕ ಒಳಸೇರುತ್ತದೆ. ಹೇನಿಗೂ ಟೈಫಸ್‌ಗೂ ಇರುವ ಈ ನಂಟನ್ನು ಷಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. ಅದಕ್ಕೆ ಅವರಿಗೆ 1928ರ ನೊಬೆಲ್ ಬಂತು. 1812ರ ವೈದ್ಯರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಹೊಲಸು ತುಂಬಿದ, ಕಿಕ್ಕಿರಿದ ಪಾಳೆಯಗಳಲ್ಲಿ ಜ್ವರ ಹಬ್ಬುತ್ತದೆ ಎಂಬುದು ಮಾತ್ರ ಎಲ್ಲ ಸೈನ್ಯಗಳ ಅನುಭವದಲ್ಲಿತ್ತು.

2001ರಲ್ಲಿ ವಿಲ್ನಾದಲ್ಲಿ, ಅಂದರೆ ಇಂದಿನ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ, ಕಟ್ಟಡ ಕೆಲಸಕ್ಕೆ ನೆಲ ಅಗೆದಾಗ ಸಾವಿರಾರು ಅಸ್ಥಿಪಂಜರಗಳ ಸಾಮೂಹಿಕ ಸಮಾಧಿ ಸಿಕ್ಕಿತು. ಸಮವಸ್ತ್ರದ ಗುಂಡಿಗಳು, ನಾಣ್ಯಗಳು ಅವರು ನೆಪೋಲಿಯನ್‌ನ ಸೈನಿಕರೆಂದು ಹೇಳಿದವು. ಹಲ್ಲಿನ ಒಳತಿರುಳಿಗೆ ರಕ್ತ ಹರಿಯುತ್ತಿರುತ್ತದೆ. ಸಾಯುವಾಗ ರಕ್ತದಲ್ಲಿದ್ದ ಸೂಕ್ಷ್ಮಾಣುಗಳ ಡಿಎನ್‌ಎ ಅಲ್ಲಿ ಶತಮಾನಗಳವರೆಗೆ ಉಳಿಯಬಲ್ಲದು. 2006ರಲ್ಲಿ ಫ್ರೆಂಚ್ ವಿಜ್ಞಾನಿಗಳು 35 ಸೈನಿಕರ ಹಲ್ಲುಗಳನ್ನು ಪರೀಕ್ಷಿಸಿ, ಮೂವರಲ್ಲಿ ಟೈಫಸ್‌ನ, ಏಳು ಜನರಲ್ಲಿ ಹೇನಿನಿಂದಲೇ ಹರಡುವ ಕಂದಕಜ್ವರದ ಸುಳಿವು ಕಂಡರು. 2025ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡ, ಹೊಸ ತಂತ್ರದಿಂದ, ಬೇರೆ 13 ಮಂದಿಯ ಹಲ್ಲುಗಳನ್ನು ನೋಡಿತು. ನಾಲ್ವರಲ್ಲಿ ಹೊಲಸು ನೀರು, ಆಹಾರಗಳಿಂದ ಬರುವ ಪ್ಯಾರಾಟೈಫಾಯ್ಡ್, ಇಬ್ಬರಲ್ಲಿ ಹೇನು ಹರಡುವ ಮರುಕಳಿಸುವ ಜ್ವರ. ಆ 13ರಲ್ಲಿ ಟೈಫಸ್ ಸಿಗಲಿಲ್ಲ. ಎರಡೂ ಅಧ್ಯಯನಗಳ ಮಾದರಿ ಚಿಕ್ಕದು, ಯಾವ ರೋಗದಿಂದ ಎಷ್ಟು ಜನ ಸತ್ತರೆಂದು ಇವುಗಳಿಂದ ಹೇಳಲಾಗದು. ಹಸಿವು, ಹೊಲಸು, ಹೇನು, ಕೆಟ್ಟ ನೀರು ಇವೆಲ್ಲ ಒಟ್ಟಿಗೇ ಬಂದವೆಂಬುದು ಮಾತ್ರ ಈಗ ಹಲ್ಲಿನ ಸಾಕ್ಷಿಯೊಡನೆ ನಮ್ಮೆದುರಿಗಿದೆ.

ಇಷ್ಟು ಹೇಳಿದರೆ ಸೋಲಿನ ವಿವರ ಸಿಕ್ಕಿತು, ಕಾರಣ ಸಿಗಲಿಲ್ಲ. ಬಂಡಿಯ ಲೆಕ್ಕ ಮಾಡಲು ಬರದವನಲ್ಲ ನೆಪೋಲಿಯನ್. ಫಿರಂಗಿ ದಳದ ಅಧಿಕಾರಿಯಾಗಿ ಗಣಿತ ಕಲಿತವನು, ಸೈನ್ಯದ ಪಟ್ಟಿಗಳನ್ನು ಸಾಲುಸಾಲಾಗಿ ಓದುತ್ತಿದ್ದವನು. ಅದೂ ಅಲ್ಲದೆ ಪ್ರಯೋಗ ಎರಡು ಬಾರಿ ನಡೆದು ಫಲಿತಾಂಶ ಬಂದಿತ್ತು. 1807ರ ಚಳಿಗಾಲದಲ್ಲಿ ಪೋಲೆಂಡಿನ ಕೆಸರಿನಲ್ಲಿ ಅವನ ಸೈನ್ಯ ಹಸಿದು ನರಳಿತ್ತು. 1810-11ರಲ್ಲಿ ಪೋರ್ಚುಗಲ್‌ನ ಟೊರೆಸ್ ವೆದ್ರಾಸ್ ಕೋಟೆಸಾಲಿನ ಎದುರು ಅವನ ಸೇನಾನಿ ಮಸೇನಾ, ಬರಿದು ಮಾಡಿಟ್ಟ ನಾಡಿನಲ್ಲಿ ತಿಂಗಳುಗಟ್ಟಲೆ ಕುಳಿತು, ಸುಮಾರು 65,000 ಸೈನಿಕರಲ್ಲಿ 25,000 ಮಂದಿಯನ್ನು ಕಳೆದುಕೊಂಡಿದ್ದ. ಅವರಲ್ಲಿ ಬಹುಪಾಲು ಸತ್ತದ್ದು ಹಸಿವಿನಿಂದ, ರೋಗದಿಂದ. ಶತ್ರು ಹೊಲ ಸುಟ್ಟು ಹಿಂದೆ ಸರಿದರೆ, ನೆಲದ ಮೇಲೆಯೇ ಉಣ್ಣುವ ಸೈನ್ಯ ಸಾಯುತ್ತದೆ ಎಂಬುದು ರಷ್ಯಾಕ್ಕೆ ಹೊರಡುವ ಒಂದು ವರ್ಷ ಮೊದಲೇ ಸಾಬೀತಾಗಿತ್ತು.

ಎಚ್ಚರಿಸಿದವರೂ ಇದ್ದರು. ಕೋಲೆಂಕೂರ್ ನಾಲ್ಕು ವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಾಯಭಾರಿಯಾಗಿದ್ದವನು. 1811ರ ಜೂನಿನಲ್ಲಿ ಪ್ಯಾರಿಸ್ಸಿಗೆ ಮರಳಿ ಸಾಮ್ರಾಟನೊಡನೆ ಗಂಟೆಗಟ್ಟಲೆ ಮಾತಾಡಿದ. ಜಾರ್ ಅಲೆಕ್ಸಾಂಡರ್ ಒಂದು ಸೋಲಿಗೆ ಶರಣಾಗುವವನಲ್ಲ, ಒಳನಾಡಿಗೆ ಸರಿಯುತ್ತಾನೆ, ದೂರ ಮತ್ತು ಹವೆ ಅವನ ಪರವಾಗಿ ಹೋರಾಡುತ್ತವೆ ಎಂದು ಬಿಡಿಸಿ ಹೇಳಿದನೆಂದು ಅವನ ನೆನಪಿನ ಬರಹಗಳಲ್ಲಿದೆ. ಜಾರ್ ನಿನ್ನನ್ನು ಮರುಳು ಮಾಡಿದ್ದಾನೆ ಎಂದುಬಿಟ್ಟ ಸಾಮ್ರಾಟ. ಸುದ್ದಿ ತಂದವನ ನಿಷ್ಠೆಯನ್ನೇ ಶಂಕಿಸಿದ ಮೇಲೆ ಸುದ್ದಿಗೆ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ.

ಇದನ್ನು ಒಬ್ಬ ಮನುಷ್ಯನ ಅಹಂಕಾರವೆಂದು ಬಿಟ್ಟುಬಿಡಬಹುದು. ನನಗೆ ಅದು ಸಾಲದು. ಅಹಂಕಾರಿಗಳು ಎಲ್ಲ ಕಾಲಕ್ಕೂ ಇದ್ದಾರೆ, ಅವರಲ್ಲಿ ಹೆಚ್ಚಿನವರನ್ನು ಯಾರಾದರೂ ತಡೆಯುತ್ತಾರೆ. 1811ರಲ್ಲಿ ತಡೆಯುವವರು ಯಾಕೆ ಉಳಿದಿರಲಿಲ್ಲ ಎಂದು ನೋಡಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

1799ರ ನವೆಂಬರಿನಲ್ಲಿ ನೆಪೋಲಿಯನ್ ಬೊನಪಾರ್ಟ್ ಸೈನಿಕ ಕ್ರಾಂತಿಯಿಂದ ಅಧಿಕಾರ ಹಿಡಿದ. 1800ರ ಜನವರಿ 17ರಂದು ಪ್ಯಾರಿಸ್ಸಿನ 73 ರಾಜಕೀಯ ಪತ್ರಿಕೆಗಳಲ್ಲಿ 60ನ್ನು ಒಂದೇ ಆಜ್ಞೆಯಲ್ಲಿ ಮುಚ್ಚಿಸಿದ. 1811ಕ್ಕೆ ಉಳಿದದ್ದು ನಾಲ್ಕು. ಹೊಸ ಸಂವಿಧಾನಕ್ಕೆ ಜನಮತ ಕೇಳಿದಾಗ ಪರವಾಗಿ 30 ಲಕ್ಷಕ್ಕೂ ಹೆಚ್ಚು, ವಿರುದ್ಧ 1,562 ಮತ ಬಿದ್ದವೆಂದು ಘೋಷಣೆಯಾಯಿತು. ಇತಿಹಾಸಕಾರ ಕ್ಲೋಡ್ ಲಾಂಗ್ಲ್ವಾ 1970ರ ದಶಕದಲ್ಲಿ ದಾಖಲೆಗಳನ್ನು ಮರುಎಣಿಕೆ ಮಾಡಿದರು. ನಿಜವಾದ ಮತಗಳು ಅದರ ಅರ್ಧದಷ್ಟೇ. ಮಿಕ್ಕದ್ದನ್ನು ಗೃಹಮಂತ್ರಿಯ ಕಚೇರಿ ಸೇರಿಸಿತ್ತು, ಮಂತ್ರಿ ಬೊನಪಾರ್ಟನ ತಮ್ಮ ಲೂಸಿಯೆನ್. ಮಸೂದೆಗಳನ್ನು ಚರ್ಚಿಸುವ ಹಕ್ಕಿದ್ದ ಟ್ರಿಬ್ಯುನೇಟ್ ಎಂಬ ಸಭೆಯಿಂದ 1802ರಲ್ಲಿ ಟೀಕಾಕಾರರನ್ನು ಹೊರಹಾಕಲಾಯಿತು, 1807ರಲ್ಲಿ ಸಭೆಯನ್ನೇ ರದ್ದು ಮಾಡಲಾಯಿತು. ಅದೇ ವರ್ಷ ವಿದೇಶಾಂಗ ಮಂತ್ರಿ ಟ್ಯಾಲಿರಾಂಡ್ ಹುದ್ದೆ ಬಿಟ್ಟ. 1800ರಲ್ಲಿ ಉತ್ಸಾಹದಿಂದ ತೆರೆದಿದ್ದ ರಾಷ್ಟ್ರೀಯ ಅಂಕಿಅಂಶ ಕಚೇರಿ 1812ರಲ್ಲಿ ಮುಚ್ಚಿತು. ರಣರಂಗದಿಂದ ಬರುವ ಅಧಿಕೃತ ಸುದ್ದಿಪತ್ರಗಳಿಗೆ ಬುಲೆಟಿನ್ ಎಂದು ಹೆಸರು. ಅವುಗಳ ಉತ್ಪ್ರೇಕ್ಷೆ ಎಷ್ಟೆಂದರೆ, ಶುದ್ಧ ಸುಳ್ಳುಗಾರನನ್ನು ಬುಲೆಟಿನ್ನಿಗೆ ಹೋಲಿಸುವ ಮಾತು ಫ್ರೆಂಚರಲ್ಲಿ ಹುಟ್ಟಿಕೊಂಡಿತು.

ಎಂಜಿನಿಯರುಗಳು ಫೀಡ್‌ಬ್ಯಾಕ್ ಎನ್ನುವುದನ್ನು ಕನ್ನಡದಲ್ಲಿ ಹಿಮ್ಮಾಹಿತಿ ಎನ್ನುತ್ತೇವೆ. ಮಾಡಿದ ಕೆಲಸದ ಪರಿಣಾಮವೇ ಮರಳಿ ಬಂದು ಮುಂದಿನ ಕೆಲಸವನ್ನು ತಿದ್ದುವ ವ್ಯವಸ್ಥೆ ಅದು. ಪತ್ರಿಕೆ, ಸಭೆ, ನಿಜವಾದ ಎಣಿಕೆ, ಹೆದರದ ಮಂತ್ರಿ ಇವೆಲ್ಲ ಒಂದು ರಾಜ್ಯದ ಹಿಮ್ಮಾಹಿತಿಯ ನರಗಳು. ಕುಷ್ಠರೋಗದಲ್ಲಿ ಬೆರಳು ಸವೆಯುವುದಕ್ಕೆ ದೊಡ್ಡ ಕಾರಣ ಸೂಕ್ಷ್ಮಾಣು ಮಾಂಸ ತಿನ್ನುವುದಲ್ಲ. ಅದು ನರವನ್ನು ಕೊಲ್ಲುತ್ತದೆ, ಆಮೇಲೆ ಬಿಸಿ ಪಾತ್ರೆ ಹಿಡಿದರೂ ಕೈಗೆ ತಿಳಿಯುವುದಿಲ್ಲ, ಗಾಯದ ಮೇಲೆ ಗಾಯವಾಗುತ್ತದೆ. ನೆಪೋಲಿಯನ್‌ನ ರಾಜ್ಯಕ್ಕೂ ಆದದ್ದು ಇದೇ.

ಇದರಲ್ಲಿ ಹೆಚ್ಚು ಭಯ ಹುಟ್ಟಿಸುವುದು ನಡುವಿನ ಕಾಲ. ನರ ಕತ್ತರಿಸಿದ ಕೂಡಲೇ ಏನೂ ಆಗಲಿಲ್ಲ. ಬದಲಾಗಿ ಆ ವರ್ಷಗಳಲ್ಲೇ ಆಡಳಿತ ಚುರುಕಾಯಿತು. ಬ್ಯಾಂಕ್ ಆಫ್ ಫ್ರಾನ್ಸ್, 1804ರ ನಾಗರಿಕ ಸಂಹಿತೆ, 1805ರ ಆಸ್ಟರ್ಲಿಟ್ಜ್ ವಿಜಯ ಎಲ್ಲ ಬಂದವು. ಪ್ರತಿ ಗೆಲುವೂ ಟೀಕಿಸುವವನ ಬಾಯಿ ಮುಚ್ಚಿಸಿತು, ಮುಚ್ಚಿದ ಬಾಯಿಗಳು ಮುಂದಿನ ಸಾಹಸವನ್ನು ಸುಲಭ ಮಾಡಿದವು. ಪತ್ರಿಕೆ ಮುಚ್ಚಿದ್ದಕ್ಕೂ ನೀಮೆನ್ ದಾಟಿದ್ದಕ್ಕೂ ನಡುವೆ ಹನ್ನೆರಡು ವರ್ಷಗಳಿವೆ. ಆ ಹನ್ನೆರಡು ವರ್ಷವೂ, ನೋಡಿ ಏನೂ ಕೆಡಲಿಲ್ಲವಲ್ಲ ಎನ್ನುವವರ ಮಾತೇ ಸರಿಯೆಂದು ಕಾಣುತ್ತಿತ್ತು.

ಇದೇ ಕಾಲದ ಇನ್ನೊಬ್ಬ ಸೇನಾನಿ ಸಾಗಣೆಯ ಪಾಠ ಕಲಿತದ್ದು ನಮ್ಮ ನೆಲದಲ್ಲಿ. 1799ರ ಜನವರಿಯಲ್ಲಿ ಬೊನಪಾರ್ಟ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದರ ಆಡಳಿತ ವಹಿಸಿಕೊಂಡವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನದ ಮಂದೆಯಿಂದ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಎತ್ತುಗಳ ಬೆಲೆ ಅವನಿಗೆ ಇಲ್ಲಿ ತಿಳಿಯಿತು. 1800ರಲ್ಲಿ ಬಂಡುಕೋರ ಧೋಂಡಿಯ ವಾಘ್‌ನ ಬೆನ್ನಟ್ಟಿ ತುಂಗಭದ್ರೆ ದಾಟಿ ಹೋದಾಗ ಅವನ ಪತ್ರಗಳ ತುಂಬ ಅಕ್ಕಿ, ಎತ್ತು, ಹೊಳೆ ದಾಟುವ ಹರಿಗೋಲುಗಳ ಮಾತು. ಎತ್ತಿನ ಬೆನ್ನಿನ ಮೇಲೆ ದವಸ ಹೇರಿ ಸೈನ್ಯದ ಹಿಂದೆ ನಡೆಯುತ್ತಿದ್ದ ಲಂಬಾಣಿ ತಾಂಡಾಗಳಿಲ್ಲದೆ ಆ ಕಾಲದ ದಂಡು ದಖ್ಖನ್ನಿನಲ್ಲಿ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಅವನು ದವಸಕ್ಕೆ ದುಡ್ಡು ಕೊಡಿಸಿದ, ಲೂಟಿ ಮಾಡಿದ ಸ್ವಂತ ಸೈನಿಕರಿಗೆ ಗಲ್ಲು ಹಾಕಿಸಿದ.

ವೆಲ್ಲೆಸ್ಲಿಯನ್ನು ದೊಡ್ಡವನು ಮಾಡಲು ಇದನ್ನು ಹೇಳುತ್ತಿಲ್ಲ. ನಮ್ಮ ನಾಡನ್ನು ಗೆದ್ದುಕೊಂಡವರಲ್ಲಿ ಅವನೊಬ್ಬ. ಇಬ್ಬರ ನಡುವೆ ಪ್ರತಿಭೆಯ ಅಂತರಕ್ಕಿಂತ ದೊಡ್ಡ ಇನ್ನೊಂದು ಅಂತರವಿತ್ತು. 1808ರಲ್ಲಿ ಪೋರ್ಚುಗಲ್‌ನಲ್ಲಿ ಫ್ರೆಂಚರೊಡನೆ ಆದ ಸಿಂತ್ರಾ ಒಪ್ಪಂದ ಲಂಡನ್ನಿನ ಪತ್ರಿಕೆಗಳಿಗೆ ಹಿಡಿಸಲಿಲ್ಲ, ವೆಲ್ಲೆಸ್ಲಿ ವಿಚಾರಣಾ ಮಂಡಳಿಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಅದೇ ವರ್ಷ ಸ್ಪೇನಿನ ಸಿಂಹಾಸನಕ್ಕೆ ತನ್ನಣ್ಣನನ್ನು ಕೂರಿಸಿ, ವರ್ಷಗಟ್ಟಲೆ ರಕ್ತ ಸುರಿಸಿದ ಯುದ್ಧವನ್ನು ಮೈಮೇಲೆ ಎಳೆದುಕೊಂಡ ನೆಪೋಲಿಯನ್‌ನನ್ನು ಪ್ರಶ್ನಿಸುವ ಮಂಡಳಿ ಫ್ರಾನ್ಸಿನಲ್ಲಿ ಇರಲಿಲ್ಲ.

ಮುಂದಿನದು ಬೇಗ ಮುಗಿಯುತ್ತದೆ. ಮಾಸ್ಕೋದಲ್ಲಿ, ಸುಟ್ಟ ಊರಿನ ನಡುವೆ, ಜಾರ್ ಶಾಂತಿ ಬೇಡುತ್ತಾನೆಂದು ಸಾಮ್ರಾಟ ಐದು ವಾರ ಕಾದ. ಅಕ್ಟೋಬರ್ 19ಕ್ಕೆ ಹಿಂದೆ ಹೊರಟ. ಅದೇ ತಿಂಗಳ 23ರಂದು ಪ್ಯಾರಿಸ್ಸಿನಲ್ಲಿ ಬಂಧನದಿಂದ ತಪ್ಪಿಸಿಕೊಂಡ ಮಾಲೆ ಎಂಬ ಸೇನಾಧಿಕಾರಿ, ಸಾಮ್ರಾಟ ಸತ್ತನೆಂದು ಖೋಟಾ ಪತ್ರ ತೋರಿಸಿ ಪೊಲೀಸ್ ಮಂತ್ರಿಯನ್ನೇ ಕೆಲವು ಗಂಟೆ ಸೆರೆಯಲ್ಲಿಟ್ಟ. ಅಧಿಕಾರಿಗಳು ನಂಬಿದರು. ಹಾಗಾದರೆ ಅವನ ಮಗ ಪಟ್ಟಕ್ಕೆ ಬರಬೇಕಲ್ಲವೇ ಎಂದು ಯಾರಿಗೂ ಹೊಳೆಯಲಿಲ್ಲ. ಸತ್ಯವೂ ಸಂಸ್ಥೆಯೂ ಒಬ್ಬನಲ್ಲೇ ಸೇರಿಹೋದಾಗ, ಅವನು ಕಣ್ಮರೆಯಾದ ಗಳಿಗೆ ಎರಡೂ ಇಲ್ಲವಾಗುತ್ತವೆ. 1813ರಲ್ಲಿ ಗೌರವದ ಶಾಂತಿಗೆ ಅವಕಾಶವಿದ್ದಾಗಲೂ ಬೇಡವೆಂದ. ವರ್ಷದ ಕೊನೆಗೆ, ವರ್ಷಗಳ ಮೌನ ಮುರಿದು ಶಾಸನಸಭೆ ಶಾಂತಿ ಕೇಳಿದಾಗ ಅದನ್ನು ಮನೆಗೆ ಕಳಿಸಿದ. 1814ರ ಏಪ್ರಿಲಿನಲ್ಲಿ ಪಟ್ಟ ಬಿಟ್ಟ. ಮರಳಿ ಬಂದು 1815ರ ಜೂನ್ 18ರಂದು ವಾಟರ್ಲೂನಲ್ಲಿ ಸೋತು, 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡ.

ಒಂದು ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ, ಸರಿ. 1958ರ ಚೀನಾವನ್ನು ನೋಡಿ. ಮಾವೋನ ಮಹಾ ಮುನ್ನೆಗೆತದ ವರ್ಷ, ಮೇಲಿನವರನ್ನು ಮೆಚ್ಚಿಸಲು ಜಿಲ್ಲೆ ಜಿಲ್ಲೆಯ ಅಧಿಕಾರಿಗಳು ಇಳುವರಿ ಉಬ್ಬಿಸಿದರು. ದೇಶದ ಧಾನ್ಯ 37.5 ಕೋಟಿ ಟನ್ ಎಂದು ಘೋಷಣೆಯಾಯಿತು. ಆಮೇಲೆ ಸರ್ಕಾರವೇ ಒಪ್ಪಿಕೊಂಡ ಅಂಕಿ ಸುಮಾರು 20 ಕೋಟಿ. ಇಲ್ಲದ ಧಾನ್ಯದ ಲೆಕ್ಕದಲ್ಲಿ ಲೆವಿ ಎತ್ತಿದ್ದರಿಂದ ಹಳ್ಳಿಗಳ ಕಣಜ ಬರಿದಾಯಿತು. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಮಾವೋಗೆ ಖಾಸಗಿಯಾಗಿ ಪತ್ರ ಬರೆದು ಎಚ್ಚರಿಸಿದ, ಪದವಿ ಕಳೆದುಕೊಂಡ. ಕ್ಷಾಮದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ. ಸ್ವತಂತ್ರ ಪತ್ರಿಕೆಗಳೂ ಚುನಾವಣೆಗಳೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲವೆಂದು ಅಮರ್ತ್ಯ ಸೇನ್ ತೋರಿಸಿದ್ದರ ಹಿಂದಿರುವುದೂ ಇದೇ ಹಿಮ್ಮಾಹಿತಿಯ ತತ್ವ.

ಇದನ್ನು ಅಳೆಯುವ ಕೆಲಸವೂ ನಡೆದಿದೆ. ಅರ್ಥಶಾಸ್ತ್ರಜ್ಞ ಲೂಯಿಸ್ ಮಾರ್ಟಿನೆಜ್ 2022ರ ಅಧ್ಯಯನದಲ್ಲಿ ದೇಶಗಳು ಘೋಷಿಸುವ ಆರ್ಥಿಕ ಬೆಳವಣಿಗೆಯನ್ನು, ಉಪಗ್ರಹ ಸೆರೆಹಿಡಿದ ರಾತ್ರಿಯ ದೀಪಗಳ ಬೆಳಕಿನೊಡನೆ ಹೋಲಿಸಿದರು. ಬೆಳಕು ಯಾರ ಆಜ್ಞೆಯನ್ನೂ ಕೇಳುವುದಿಲ್ಲ. ಸರ್ವಾಧಿಕಾರಗಳು ವಾರ್ಷಿಕ ಬೆಳವಣಿಗೆಯನ್ನು ಸುಮಾರು 35 ಶೇಕಡಾ ಹೆಚ್ಚಿಸಿ ಹೇಳುತ್ತವೆ ಎಂದು ಕಂಡುಬಂತು. ರಾಜ್ಯಶಾಸ್ತ್ರಜ್ಞೆ ಜೆಸಿಕಾ ವೀಕ್ಸ್ ಸರ್ವಾಧಿಕಾರಗಳಲ್ಲೇ ಎರಡು ಬಗೆ ಗುರುತಿಸಿದರು: ಪಕ್ಷ ಅಥವಾ ಮಂಡಳಿಗೆ ನಾಯಕ ಉತ್ತರಿಸಬೇಕಾದ ಬಗೆ ಒಂದು, ಎಲ್ಲವೂ ಒಬ್ಬನ ಕೈಯಲ್ಲಿರುವ ವ್ಯಕ್ತಿಕೇಂದ್ರಿತ ಬಗೆ ಇನ್ನೊಂದು. ಯುದ್ಧಕ್ಕೆ ಬೇಗ ಕೈಹಾಕುವುದೂ, ಹೆಚ್ಚಾಗಿ ಸೋಲುವುದೂ ಎರಡನೆಯದು. ಪ್ರಜಾಪ್ರಭುತ್ವಗಳು ತಪ್ಪು ಯುದ್ಧ ಮಾಡುವುದಿಲ್ಲವೆಂದಲ್ಲ, 2003ರ ಇರಾಕ್ ಕಣ್ಣೆದುರಿಗಿದೆ. ಆದರೆ ಅಲ್ಲಿ ತಪ್ಪು ಬಯಲಿಗೆ ಬಂತು, ತನಿಖೆಯಾಯಿತು.

ಈಗ ಪ್ರವೃತ್ತಿ ಯಾವ ಕಡೆಗಿದೆ? 1988ರಲ್ಲಿ ಸರ್ವಾಧಿಕಾರಗಳಲ್ಲಿ 23 ಶೇಕಡಾ ವ್ಯಕ್ತಿಕೇಂದ್ರಿತವಾಗಿದ್ದವು, 2010ರ ದಶಕದಲ್ಲಿ ಅದು 40 ಶೇಕಡಾ. ಸ್ವೀಡನ್ನಿನ ವಿ-ಡೆಮ್ ಸಂಸ್ಥೆಯ 2025ರ ವರದಿಯಂತೆ, ಎರಡು ದಶಕಗಳಲ್ಲಿ ಮೊದಲ ಬಾರಿಗೆ ಜಗತ್ತಿನಲ್ಲಿ ಸರ್ವಾಧಿಕಾರಗಳು ಪ್ರಜಾಪ್ರಭುತ್ವಗಳಿಗಿಂತ ಹೆಚ್ಚಾಗಿವೆ: 91 ಮತ್ತು 88. ಜಗತ್ತಿನ ಜನಸಂಖ್ಯೆಯ 72 ಶೇಕಡಾ ಸರ್ವಾಧಿಕಾರಗಳಲ್ಲಿ ಬದುಕುತ್ತಿದೆ ಎಂದೂ ಆ ವರದಿ ಹೇಳಿತು. ಈ ವರ್ಗೀಕರಣ ತಜ್ಞರ ಅಭಿಪ್ರಾಯಗಳ ಮೇಲೆ ನಿಂತದ್ದು, ಅದರ ಬಗ್ಗೆ ಆಕ್ಷೇಪಗಳಿವೆ, ಭಾರತವನ್ನು ಅದು ಸರ್ವಾಧಿಕಾರಗಳ ಪಟ್ಟಿಗೆ ಸೇರಿಸಿರುವುದನ್ನು ನಮ್ಮ ಸರ್ಕಾರ ಒಪ್ಪುವುದಿಲ್ಲ. ಹಾಗಾಗಿ ನಾನು ಹಣೆಪಟ್ಟಿಗಳನ್ನು ಬಿಟ್ಟು, ಯಾರೂ ಅಲ್ಲಗಳೆಯಲಾಗದ ಇನ್ನೊಂದನ್ನು ನೋಡುತ್ತೇನೆ: ರಾಜ್ಯ ತನ್ನನ್ನು ತಾನು ಅಳೆದುಕೊಳ್ಳುವ ಮಾಪಕಗಳ ಗತಿ ಏನಾಗುತ್ತಿದೆ?

ಅರ್ಜೆಂಟೀನಾ 2007ರಿಂದ ಬೆಲೆಯೇರಿಕೆಯ ಅಂಕಿಗಳನ್ನು ತಿರುಚಿತು, 2013ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಅದಕ್ಕೆ ಛೀಮಾರಿ ಹಾಕಿತು. ಟರ್ಕಿಯಲ್ಲಿ ಬೆಲೆಯೇರಿಕೆ 36 ಶೇಕಡಾ ದಾಟಿದೆಯೆಂದು ಪ್ರಕಟಿಸಿದ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥರನ್ನು 2022ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಅಮೆರಿಕದಲ್ಲಿ 2025ರ ಆಗಸ್ಟ್ 1ರಂದು, ಉದ್ಯೋಗದ ಅಂಕಿಗಳು ಕಳಪೆಯಾಗಿ ಬಂದ ದಿನವೇ, ಅದನ್ನು ಸಿದ್ಧಪಡಿಸುವ ಕಚೇರಿಯ ಆಯುಕ್ತೆಯನ್ನು ಅಧ್ಯಕ್ಷರು ವಜಾ ಮಾಡಿದರು. ಇವುಗಳಲ್ಲಿ ಒಂದರಿಂದಲೂ ಮರುದಿನ ಯಾರ ಮನೆಯ ಒಲೆಯೂ ಆರಲಿಲ್ಲ. ಪ್ಯಾರಿಸ್ಸಿನಲ್ಲಿ 60 ಪತ್ರಿಕೆ ಮುಚ್ಚಿದ ಮರುದಿನವೂ ಹಾಗೇ ಇತ್ತು.

ನಮ್ಮಲ್ಲಿಯೂ ಪಟ್ಟಿ ಚಿಕ್ಕದಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಹಂಗಾಮಿ ಅಧ್ಯಕ್ಷರೂ ಇನ್ನೊಬ್ಬ ಸದಸ್ಯೆಯೂ ರಾಜೀನಾಮೆ ಕೊಟ್ಟರು. ಆಯೋಗ ಒಪ್ಪಿದ ಉದ್ಯೋಗ ಸಮೀಕ್ಷೆಯನ್ನು ಸರ್ಕಾರ ಪ್ರಕಟಿಸದೆ ತಡೆದದ್ದು ಅದಕ್ಕೊಂದು ಕಾರಣ. ನಿರುದ್ಯೋಗ 6.1 ಶೇಕಡಾ ಎನ್ನುವ ಆ ವರದಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ಕ್ಕೆ. ಅದೇ ವರ್ಷದ ನವೆಂಬರಿನಲ್ಲಿ 2017-18ರ ಗೃಹವೆಚ್ಚ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಹೇಳಿ ಕೈಬಿಡಲಾಯಿತು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಜನಗಣತಿ, ಎರಡನೇ ಮಹಾಯುದ್ಧದ ನಡುವೆಯೂ ನಿಲ್ಲದ ಜನಗಣತಿ, 2021ರಲ್ಲಿ ಕೋವಿಡ್ ಕಾರಣದಿಂದ ನಿಂತಿತು. ಕೋವಿಡ್ ಮುಗಿದ ಮೇಲೂ ವರ್ಷಗಟ್ಟಲೆ ನಡೆಯಲಿಲ್ಲ, ಈಗ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಈ ನಡುವೆ ಆಹಾರ ಭದ್ರತಾ ಕಾಯ್ದೆಯ ಪಡಿತರ 2011ರ ಎಣಿಕೆಯ ಮೇಲೆಯೇ ಹಂಚಿಕೆಯಾಗುತ್ತಿದೆ. ಆಮೇಲೆ ಬೆಳೆದ ಜನಸಂಖ್ಯೆಯ ಲೆಕ್ಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದಾರೆ ಎಂದು ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೀಝ್ ಮತ್ತು ರೀತಿಕಾ ಖೇರಾ 2020ರಲ್ಲೇ ಅಂದಾಜು ಮಾಡಿದ್ದರು. ಎಣಿಸದಿದ್ದರೆ ಏನು ನಷ್ಟ ಎನ್ನುವವರಿಗೆ ನಷ್ಟದ ಮೊದಲ ಕಂತು ಇಲ್ಲೇ ಇದೆ.

ಇದು ಯಾವ ಒಂದು ಪಕ್ಷದ ಮೇಲಿನ ದೂರೂ ಅಲ್ಲ. ತನಗೆ ಬೇಡದ ಅಂಕಿಯನ್ನು ಮುಚ್ಚಿಡುವ ಆಸೆ ಅಧಿಕಾರದಲ್ಲಿ ಕುಳಿತ ಎಲ್ಲರಿಗೂ ಬರುತ್ತದೆ. ಬಂದಾಗ ಅದು ಕಾನೂನಿಗೆ ತಾಗಿ ನಿಲ್ಲಬೇಕು. ರಂಗರಾಜನ್ ಆಯೋಗ 2001ರಲ್ಲಿ ಶಾಸನಬದ್ಧ ಅಂಕಿಅಂಶ ಆಯೋಗ ಬೇಕೆಂದು ಹೇಳಿತ್ತು. 2005ರಲ್ಲಿ ಹುಟ್ಟಿದ್ದು ಸರ್ಕಾರಿ ನಿರ್ಣಯದ ಆಯೋಗ, ಸಂಸತ್ತಿನ ಕಾಯ್ದೆಯದಲ್ಲ. ಅದರ ಮಾತನ್ನು ಸರ್ಕಾರ ಕೇಳಲೇಬೇಕೆಂಬ ಕಟ್ಟು ಇಲ್ಲ. ಅಂಕಿಅಂಶದ ಮುಖ್ಯಸ್ಥರನ್ನು ಅವಧಿ ಮುಗಿಯುವ ಮುನ್ನ ತೆಗೆಯಲಾಗದಂತೆ, ಮೊದಲೇ ಸಾರಿದ ದಿನಾಂಕಕ್ಕೆ ವರದಿ ಹೊರಬರಲೇಬೇಕಾದಂತೆ, ಸಮೀಕ್ಷೆಯ ಮೂಲ ದತ್ತಾಂಶ ಯಾವ ಸಂಶೋಧಕರಿಗೂ ಸಿಗುವಂತೆ ಒಂದು ಕಾಯ್ದೆ ಬರೆಯುವುದಕ್ಕೆ ಹೆಚ್ಚು ಪುಟಗಳೂ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. 2027ರ ಗಣತಿಯ ಅಂಕಿಗಳು ಹೊರಬರುವ ಮುನ್ನ ಅದು ಆಗಬೇಕು. ಆಮೇಲೆ ಕ್ಷೇತ್ರಗಳ ಮರುವಿಂಗಡಣೆ, ಕೇಂದ್ರದಿಂದ ರಾಜ್ಯಗಳಿಗೆ ಬರುವ ಪಾಲು, ಪಡಿತರ ಎಲ್ಲವೂ ಆ ಅಂಕಿಗಳ ಮೇಲೆಯೇ ನಿಲ್ಲಲಿವೆ.